2023ರ ಕಂಟ್ರಿ ಸಂಗೀತ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಅಮೆರಿಕದ ಕಂಟ್ರಿ ಹಾಡು ಕೇಳುತ್ತೇನೆ ಅಂದರೆ ಆಫೀಸಿನಲ್ಲಿ ಮೊದಲು ನಗುತ್ತಾರೆ. ಟೋಪಿ, ಕುದುರೆ, ಬೂಟು ಅಂತ ಎರಡು ಜೋಕು ಆಗುತ್ತದೆ. ಆಮೇಲೆ ಊಟದ ಹೊತ್ತಿಗೆ ಮೆಲ್ಲಗೆ ಪಕ್ಕ ಬಂದು ಕೂತು, "ಅಲ್ಲಾ, ಆ ಕೆಂಪು ಗಡ್ಡದವನ ಹಾಡು ಏನದು?" ಅಂತ ಕೇಳುತ್ತಾರೆ. 2023ರಲ್ಲಿ ಇಂಥ ಪ್ರಶ್ನೆಗಳು ವಿಪರೀತ ಆದವು. ಅಮೆರಿಕದಲ್ಲಿರುವ ನೆಂಟರಂತೂ ಬೇರೆ ಬೇರೆ ಊರಿಂದ ಒಂದೇ ಪ್ರಶ್ನೆ ಕಳಿಸುತ್ತಿದ್ದರು. ಹೇಳಿ ಹೇಳಿ ಸಾಕಾಗಿ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಕಂಟ್ರಿ ಅಂದ್ರೆ ನಮ್ಮ ಜಾನಪದದ ಥರ ಅಲ್ವಾ?

ಬೇರು ಅಲ್ಲೇ ಇದೆ, ಮರ ಮಾತ್ರ ಬೇರೆ. ಅಪಲಾಚಿಯನ್ ಬೆಟ್ಟಗಳಿಗೆ ಸ್ಕಾಟ್ಲೆಂಡ್, ಐರ್ಲೆಂಡ್ ಕಡೆಯಿಂದ ಬಂದವರ ಹಾಡು, ಕಪ್ಪು ಜನರ ಬ್ಲೂಸ್, ಆಫ್ರಿಕಾ ಮೂಲದ ಬ್ಯಾಂಜೊ, ಭಾನುವಾರದ ಚರ್ಚಿನ ಪ್ರಾರ್ಥನೆ ಎಲ್ಲ ಸೇರಿ ಆದದ್ದು ಇದು. 1927ರಲ್ಲಿ ಅಮೆರಿಕದ ಬ್ರಿಸ್ಟಲ್ ಎಂಬ ಊರಿನಲ್ಲಿ ಕಾರ್ಟರ್ ಕುಟುಂಬವನ್ನೂ ಜಿಮ್ಮಿ ರಾಜರ್ಸ್‌ನನ್ನೂ ರೆಕಾರ್ಡ್ ಮಾಡಿದರು. ಕಂಟ್ರಿ ವ್ಯಾಪಾರ ಶುರುವಾದದ್ದು ಅಲ್ಲಿಂದ ಅಂತ ಸಾಮಾನ್ಯವಾಗಿ ಹೇಳುತ್ತಾರೆ.

ಆದರೆ ಜಾನಪದ ಹಾಡು ಬರೆದವರು ಯಾರು ಅಂತ ಯಾರಿಗೂ ಗೊತ್ತಿರುವುದಿಲ್ಲ. ಕಂಟ್ರಿಯಲ್ಲಿ ಬರೆದವರ ಹೆಸರು, ಪಾಲು, ರಾಯಲ್ಟಿ ಎಲ್ಲಕ್ಕೂ ಕಾಗದಪತ್ರ ಇದೆ. ಕಂಟ್ರಿ ಉದ್ಯಮದ ತವರಾದ ನ್ಯಾಶ್‌ವಿಲ್ ನಗರದ ಮ್ಯೂಸಿಕ್ ರೋ ಬೀದಿಯಲ್ಲಿ ಮೂರ್ನಾಲ್ಕು ಜನ ಬೆಳಿಗ್ಗೆ ಕಾಫಿ ಹಿಡಿದು ಒಂದು ಕೋಣೆಯಲ್ಲಿ ಕೂರುತ್ತಾರೆ. ಸಂಜೆ ಹೊತ್ತಿಗೆ ಒಂದು ಹಾಡು ಮುಗಿಸಿ ಏಳುತ್ತಾರೆ. ಮಾರನೇ ದಿನ ಇನ್ನೊಂದು. ಹಾಗಾಗಿ ನಮ್ಮಲ್ಲಿ ಹೋಲಿಕೆ ಬೇಕೇ ಬೇಕು ಅಂದರೆ ಜಾನಪದಕ್ಕಿಂತ ಸಿನಿಮಾ ಹಾಡೇ ಹತ್ತಿರ. ಹಾಡುವವರು ಒಬ್ಬರು, ಬರೆಯುವವರು ಬೇರೆ, ಜನ ಮಾತ್ರ ಹಾಡಿದವರದ್ದೇ ಸ್ವಂತ ಕಥೆ ಅಂತ ನಂಬುತ್ತಾರೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2023ರಲ್ಲಿ ಅಂಥದ್ದೇನಾಯ್ತು?

ಅಮೆರಿಕದಲ್ಲಿ ಎಲ್ಲ ಬಗೆಯ ಹಾಡುಗಳನ್ನೂ ಒಟ್ಟು ಸೇರಿಸಿ ಬಿಲ್‌ಬೋರ್ಡ್ ಪತ್ರಿಕೆ ಪ್ರತಿ ವಾರ ನೂರು ಹಾಡುಗಳ ಪಟ್ಟಿ ಹಾಕುತ್ತದೆ. ಹೆಸರು ಹಾಟ್ 100. ಪಾಪ್, ರಾಪ್ ಹಾಡುಗಳು ಆಳುವ ಜಾಗ ಅದು. ಕಂಟ್ರಿ ಹಾಡು ಅಲ್ಲಿ ಮೊದಲ ಸ್ಥಾನಕ್ಕೆ ಬರುವುದೇ ಅಪರೂಪವಾಗಿತ್ತು. 2023ರಲ್ಲಿ ಒಂದಲ್ಲ, ನಾಲ್ಕು ಬಂದವು. ಮಾರ್ಗನ್ ವಾಲೆನ್‌ನ 'ಲಾಸ್ಟ್ ನೈಟ್', ಜೇಸನ್ ಆಲ್ಡೀನ್‌ನ 'ಟ್ರೈ ದಟ್ ಇನ್ ಎ ಸ್ಮಾಲ್ ಟೌನ್', ಆಲಿವರ್ ಆಂಥನಿಯ 'ರಿಚ್ ಮೆನ್ ನಾರ್ತ್ ಆಫ್ ರಿಚ್ಮಂಡ್', ಆಮೇಲೆ ಝಾಕ್ ಬ್ರಯನ್ ಮತ್ತು ಕೇಸಿ ಮಸ್‌ಗ್ರೇವ್ಸ್ ಜೊತೆಯಾಗಿ ಹಾಡಿದ 'ಐ ರಿಮೆಂಬರ್ ಎವೆರಿಥಿಂಗ್'.

ಆಗಸ್ಟ್ 5ರ ಪಟ್ಟಿಯಲ್ಲಂತೂ ಮೊದಲ ಮೂರೂ ಸ್ಥಾನ ಕಂಟ್ರಿಯದ್ದೇ. ಒಂದರಲ್ಲಿ ಆಲ್ಡೀನ್, ಎರಡರಲ್ಲಿ ವಾಲೆನ್, ಮೂರರಲ್ಲಿ ಲ್ಯೂಕ್ ಕೂಂಬ್ಸ್ ಹಾಡಿದ 'ಫಾಸ್ಟ್ ಕಾರ್'. 1958ರಲ್ಲಿ ಪಟ್ಟಿ ಶುರುವಾದ ಮೇಲೆ ಹಾಗೆ ಆದದ್ದು ಅದೇ ಮೊದಲು.

ಅಂದ್ರೆ ಅಷ್ಟು ಜನ ಕೇಳಿದ್ರು ಅಂತಾನಾ?

ಇಲ್ಲೇ ಎಲ್ಲರೂ ಎಡವುವುದು. ಹಾಟ್ 100 ಒಂದು ಟ್ಯಾಂಕ್ ಅಂದುಕೊಳ್ಳಿ. ಅದಕ್ಕೆ ಮೂರು ನಲ್ಲಿಯಿಂದ ನೀರು ಬೀಳುತ್ತದೆ. ಒಂದು, ಸ್ಟ್ರೀಮಿಂಗ್. ಎರಡು, ರೇಡಿಯೋ. ಮೂರು, ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿದ ಲೆಕ್ಕ. ಡೌನ್‌ಲೋಡ್ ಈಗ ಯಾರು ಕೊಳ್ಳುತ್ತಾರೆ ಅಂತ ಕೇಳಬಹುದು. ಅದೇ ಅದರ ಗುಟ್ಟು. ಕೊಳ್ಳುವವರೇ ಇಲ್ಲದ ಕಡೆ ಒಂದು ಗುಂಪು ಹಟ ಹಿಡಿದು ಕೊಂಡರೆ ಟ್ಯಾಂಕ್ ಬೇಗ ತುಂಬುತ್ತದೆ.

ಆಲ್ಡೀನ್ ಹಾಡು ಪಟ್ಟಿಗೆ ನೇರ ಎರಡನೇ ಸ್ಥಾನದಲ್ಲಿ ಬಂದ ವಾರ 2,28,000 ಪ್ರತಿ ಮಾರಾಟವಾಗಿತ್ತು. ಮುಂದಿನ ವಾರ ನಂಬರ್ ಒನ್. ಅದರ ಮುಂದಿನ ವಾರ? 21ನೇ ಸ್ಥಾನ. ವಾಲೆನ್ ಹಾಡು ಒಟ್ಟು 16 ವಾರ ಮೇಲೆ ಕೂತಿತ್ತು, ಅದು ಜನ ಕಾರಿನಲ್ಲಿ, ಜಿಮ್‌ನಲ್ಲಿ, ಪಾತ್ರೆ ತೊಳೆಯುವಾಗ ಹಾಕಿಕೊಂಡು ಕೇಳಿದ ಲೆಕ್ಕ. ಎರಡನ್ನೂ ನಂಬರ್ ಒನ್ ಅಂತಲೇ ಕರೆಯುತ್ತೇವೆ. ನನ್ನ ಪ್ರಕಾರ ಒಂದು ಕೇಳುಗರ ಹಾಡು, ಇನ್ನೊಂದು ಮತ ಹಾಕಿದ ಹಾಗೆ.

ವಾಲೆನ್ ಆಲ್ಬಮ್‌ನಲ್ಲಿ ನಿಜವಾಗಿ 36 ಹಾಡು ಇದೆಯಾ?

ಇದೆ. 'ಒನ್ ಥಿಂಗ್ ಅಟ್ ಎ ಟೈಮ್' ಅಂತ ಹೆಸರಿಟ್ಟು ಒಂದೇ ಸಲಕ್ಕೆ 36 ಕೊಟ್ಟ. 2023ರ ಮಾರ್ಚ್ 3ಕ್ಕೆ ಬಂತು. ಪೂರ್ತಿ ಕೇಳಲು ಎರಡು ಗಂಟೆಗೆ ಹತ್ತು ನಿಮಿಷ ಕಮ್ಮಿ ಬೇಕು. ನಾನು ಒಮ್ಮೆ ಬೆಂಗಳೂರಿಂದ ಮೈಸೂರಿಗೆ ಹೋಗುವಾಗ ಶುರು ಮಾಡಿದೆ. ಮದ್ದೂರು ದಾಟಿದರೂ ಅವನಿನ್ನೂ ಅದೇ ಹುಡುಗಿಯ ಜೊತೆ ಜಗಳ ಆಡುತ್ತಾ, ಅದೇ ವಿಸ್ಕಿ ಕುಡಿಯುತ್ತಾ ಇದ್ದ.

ಇಷ್ಟು ಹಾಡು ಯಾಕೆ ಅಂದರೆ, 2023ರ ಸ್ಟ್ರೀಮಿಂಗ್ ಲೆಕ್ಕದಲ್ಲಿ ದುಡ್ಡು ಕಟ್ಟುವವರು 1,250 ಸಲ ಹಾಡು ಕೇಳಿದರೆ ಒಂದು ಆಲ್ಬಮ್ ಮಾರಿದ ಹಾಗೆ ಆಗುತ್ತಿತ್ತು. ಹಾಡು ಜಾಸ್ತಿ ಇದ್ದಷ್ಟೂ ಎಣಿಕೆ ಜಾಸ್ತಿ. ಮೊದಲ ವಾರವೇ 5,01,000 ಆಲ್ಬಮ್‌ಗಳಿಗೆ ಸಮ ಆಯಿತು. ಆ ವಾರ 36 ಹಾಡುಗಳೂ ಹಾಟ್ 100 ಪಟ್ಟಿಯಲ್ಲಿದ್ದವು. ಮದುವೆ ಮನೆಯ ಪಂಕ್ತಿಯಲ್ಲಿ ಒಂದೇ ಕುಟುಂಬ ಮೂರನೇ ಒಂದು ಭಾಗ ಎಲೆ ಹಿಡಿದ ಹಾಗೆ.

'ಲಾಸ್ಟ್ ನೈಟ್' ಬರೆದವರು ನಾಲ್ಕು ಜನ. ಅದರಲ್ಲಿ ವಾಲೆನ್ ಇಲ್ಲ. ಕೇಳಿದರೆ ಮಾತ್ರ ನಿನ್ನೆ ರಾತ್ರಿ ಅವನ ಮನೆಯಲ್ಲೇ ನಡೆದ ಹಾಗಿದೆ. ಮ್ಯೂಸಿಕ್ ರೋ ಕಸುಬು ಅಂದರೆ ಇದೇ.

2021ರಲ್ಲಿ ಅವನನ್ನ ರೇಡಿಯೋದಿಂದ ತೆಗೆದಿದ್ರಲ್ಲ?

ಹೌದು. ಕಪ್ಪು ಜನರಿಗೆ ಬಯ್ಯುವ ಪದ ಬಳಸಿದ ವಿಡಿಯೋ ಆ ವರ್ಷ ಫೆಬ್ರವರಿಯಲ್ಲಿ ಹೊರಬಿದ್ದಾಗ ದೊಡ್ಡ ರೇಡಿಯೋ ಬಳಗಗಳು ಅವನ ಹಾಡು ನಿಲ್ಲಿಸಿದವು. ಅವನು ಕ್ಷಮೆ ಕೇಳಿದ. ಆದರೆ ರೇಡಿಯೋ ನಿಲ್ಲಿಸಿದರೂ ಅಭಿಮಾನಿಗಳು ನಿಲ್ಲಿಸಲಿಲ್ಲ. ಎರಡು ವರ್ಷದಲ್ಲಿ ದೇಶದ ಅತಿ ದೊಡ್ಡ ಹಾಡು ಅವನದ್ದಾಯಿತು. ಇದು ಮರೆವೋ ಕ್ಷಮೆಯೋ ಅಂತ ನ್ಯಾಶ್‌ವಿಲ್‌ನಲ್ಲಿ ಈಗಲೂ ಜಗಳ ಇದೆ. ನನಗೆ ಹಾಡು ಇಷ್ಟ, ಈ ಮರೆವು ಇಷ್ಟ ಇಲ್ಲ.

2023ರ ಏಪ್ರಿಲ್ 23ರಂದು ಮಿಸಿಸಿಪಿಯ ಆಕ್ಸ್‌ಫರ್ಡ್‌ನಲ್ಲಿ ಕ್ರೀಡಾಂಗಣ ತುಂಬಿ, ಮುಂಚಿನ ಗಾಯಕರು ಹಾಡಿ ಮುಗಿಸಿದ ಮೇಲೆ, ವಾಲೆನ್‌ಗೆ ಧ್ವನಿ ಹೋಗಿದೆ, ಕಾರ್ಯಕ್ರಮ ಇಲ್ಲ ಅಂತ ಪರದೆ ಮೇಲೆ ಹಾಕಿದರು. ಆಮೇಲೆ ಗಂಟಲಿಗೆ ಆರು ವಾರ ವಿಶ್ರಾಂತಿ.

'ಫಾಸ್ಟ್ ಕಾರ್' ಹಳೇ ಹಾಡಲ್ವಾ? ಅದು ಕಂಟ್ರಿ ಹೇಗಾಯ್ತು?

ಹಳೇದೇ. ಟ್ರೇಸಿ ಚಾಪ್‌ಮನ್ 1988ರಲ್ಲಿ ಹಾಡಿದ್ದು. ಒಂದು ಗಿಟಾರ್, ಒಂದು ಧ್ವನಿ, ಬಡತನ ಬಿಟ್ಟು ಓಡಿಹೋಗಬೇಕು ಅಂದುಕೊಂಡ ಹುಡುಗಿ. ಆಗ ಹಾಟ್ 100ರಲ್ಲಿ ಆರನೇ ಸ್ಥಾನದವರೆಗೆ ಹೋಗಿತ್ತು. ಚಾಪ್‌ಮನ್ ಆ ವರ್ಷವೇ ಮಾನವ ಹಕ್ಕುಗಳ ಸಂಗೀತ ಯಾತ್ರೆಯಲ್ಲಿ ಭಾರತಕ್ಕೂ ಬಂದಿದ್ದರು. ಸೆಪ್ಟೆಂಬರ್ 30ರಂದು ದೆಹಲಿಯ ನೆಹರೂ ಕ್ರೀಡಾಂಗಣದಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್, ಸ್ಟಿಂಗ್ ಜೊತೆ ಅವರೂ ಇದ್ದರು.

ಲ್ಯೂಕ್ ಕೂಂಬ್ಸ್ ಹುಟ್ಟಿದ್ದು 1990ರಲ್ಲಿ. ಹಾಡೇ ಅವನಿಗಿಂತ ಎರಡು ವರ್ಷ ದೊಡ್ಡದು. ಚಿಕ್ಕವನಿದ್ದಾಗ ಅಪ್ಪನ ಟ್ರಕ್ಕಿನಲ್ಲಿ ಕೂತು ಕೇಳಿದ ಹಾಡು ಅಂತ ಅವನೇ ಹೇಳುತ್ತಾನೆ. ಮಾರ್ಚ್ 24ಕ್ಕೆ ಬಂದ 'ಗೆಟಿನ್ ಓಲ್ಡ್' ಆಲ್ಬಮ್‌ನಲ್ಲಿ ಸುಮ್ನೆ ಒಂದು ಪ್ರೀತಿಯ ಹಾಡು ಅಂತ ಸೇರಿಸಿದ್ದ. ಅದು ಆಲ್ಬಮ್ಮನ್ನೇ ಎತ್ತಿಕೊಂಡು ಹೋಯಿತು. ಹಾಟ್ 100ರಲ್ಲಿ ಎರಡನೇ ಸ್ಥಾನ. ಕಂಟ್ರಿ ರೇಡಿಯೋ ಪಟ್ಟಿಯಲ್ಲಿ ಜುಲೈ ಹೊತ್ತಿಗೆ ಮೊದಲ ಸ್ಥಾನ.

ನನಗೆ ಹಿಡಿಸಿದ್ದು ಒಂದು ಸಣ್ಣ ವಿಷಯ. ಮೂಲ ಹಾಡಿನಲ್ಲಿ ಆ ಹುಡುಗಿ ತಾನು ಅಂಗಡಿಯಲ್ಲಿ ಬಿಲ್ ಹಾಕುವ ಹುಡುಗಿ ಅಂತ ಹೇಳಿಕೊಳ್ಳುತ್ತಾಳೆ. ಗಂಡಸು ಹಾಡುವಾಗ ಇಂಥ ಸಾಲನ್ನು ಬದಲಾಯಿಸುವುದು ರೂಢಿ. ಗಡ್ಡ ಬಿಟ್ಟ, ಎರಡಾಳು ಗಾತ್ರದ ಕೂಂಬ್ಸ್ ಬದಲಾಯಿಸಲಿಲ್ಲ. 'ಹುಡುಗಿ' ಅಂತಲೇ ಹಾಡಿದ. ಕಥೆ ತನ್ನದಲ್ಲ, ತಾನು ಬರೀ ಹೇಳುತ್ತಿದ್ದೇನೆ ಅನ್ನೋದು ಅವನಿಗೆ ಗೊತ್ತಿತ್ತು. ಕಂಠ ಮಾತ್ರ ಕಂಟ್ರಿಯದ್ದು. ಹಾಡನ್ನು ಅವನು ಮುಟ್ಟಲೇ ಇಲ್ಲ.

ಬೇಸರದ ಮಾತೂ ಇದೆ. ಇದೇ ಹಾಡನ್ನು ಟ್ರೇಸಿಯಂಥ ಕಪ್ಪು ಹೆಣ್ಣುಮಗಳು ತಾನೇ ಹಾಡಿ ನ್ಯಾಶ್‌ವಿಲ್‌ಗೆ ತಂದಿದ್ದರೆ ರೇಡಿಯೋದವರು ಹಾಕುತ್ತಿದ್ದರಾ? ಆ ಬೇಸಿಗೆಯಲ್ಲಿ ಬಹಳ ಜನ ಈ ಪ್ರಶ್ನೆ ಎತ್ತಿದರು. ಒಬ್ಬಳೇ ಬರೆದ ಹಾಡಿನಿಂದ ಆ ರೇಡಿಯೋ ಪಟ್ಟಿಯ ತುದಿ ಮುಟ್ಟಿದ ಮೊದಲ ಕಪ್ಪು ಮಹಿಳೆ ಚಾಪ್‌ಮನ್. ಅದಕ್ಕೆ 2023ರವರೆಗೆ ಕಾಯಬೇಕಾಯಿತು ಅನ್ನೋದರಲ್ಲೇ ಉತ್ತರದ ಅರ್ಧ ಇದೆ.

ಒಂದೇ ಹಾಡಿಗೆ ಇಬ್ಬರಿಗೆ ಪ್ರಶಸ್ತಿ ಹೇಗೆ?

ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಪ್ರಶಸ್ತಿಯಲ್ಲಿ 'ವರ್ಷದ ಸಿಂಗಲ್' ಅಂದರೆ ಆ ರೆಕಾರ್ಡಿಂಗ್‌ಗೆ, ಹಾಡಿದವರಿಗೆ. 'ವರ್ಷದ ಹಾಡು' ಅಂದರೆ ಬರೆದವರಿಗೆ. ನವೆಂಬರ್ 8ರ ರಾತ್ರಿ ನ್ಯಾಶ್‌ವಿಲ್‌ನಲ್ಲಿ ಸಿಂಗಲ್ ಕೂಂಬ್ಸ್‌ಗೆ ಹೋಯಿತು, ಹಾಡು ಚಾಪ್‌ಮನ್‌ಗೆ. ಹಾಡು ಬಂದು 35 ವರ್ಷ ಆದ ಮೇಲೆ. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಬರಹಗಾರ್ತಿ ಅವರು. ಕಪ್ಪು ಗಂಡಸರಲ್ಲೂ ಅದುವರೆಗೆ ಯಾವ ಬರಹಗಾರನಿಗೂ ಅದು ಸಿಕ್ಕಿರಲಿಲ್ಲ. ಅವರು ಸಮಾರಂಭಕ್ಕೆ ಬರಲಿಲ್ಲ, ನಾಲ್ಕು ಸಾಲು ಬರೆದು ಕಳಿಸಿದ್ದರು.

ನಮಗೆ ಅದು ಗುರುವಾರ ಬೆಳಿಗ್ಗೆ ಆರೂವರೆ. ನಾನು ಕಾಫಿ ಲೋಟ ಹಿಡಿದು ಫೋನಿನಲ್ಲಿ ಸುದ್ದಿ ನೋಡುತ್ತಾ ಕೂತಿದ್ದೆ. ಚಾಪ್‌ಮನ್ ಹೆಸರು ಬಂದಾಗ ಹಾಲು ಉಕ್ಕಿತು. ಸುಳ್ಳಲ್ಲ, ಒಲೆ ಮೇಲೆ ನಿಜವಾಗಿಯೇ.

ಆಲ್ಡೀನ್ ಹಾಡಿಗೆ ಯಾಕೆ ಅಷ್ಟು ಗಲಾಟೆ?

ಹಾಡು ಮೇ ತಿಂಗಳಲ್ಲೇ ಬಂದಿತ್ತು. ಆಗ ಯಾರೂ ಕೇಳಲಿಲ್ಲ. ಜುಲೈ 14ಕ್ಕೆ ವಿಡಿಯೋ ಬಂದ ಮೇಲೆ ಬೆಂಕಿ ಹತ್ತಿತು. ಊರೊಳಗೆ ಬಂದು ದಾಂಧಲೆ ಮಾಡಿ ನೋಡಿ, ನಮ್ಮ ಸಣ್ಣ ಊರಿನಲ್ಲಿ ಏನಾಗುತ್ತೆ ಗೊತ್ತಾಗುತ್ತೆ, ಅನ್ನುವುದು ಹಾಡಿನ ಧಾಟಿ. ಅದರ ಜೊತೆ ಪ್ರತಿಭಟನೆಗಳ ದೃಶ್ಯ. ಆಲ್ಡೀನ್ ನಿಂತು ಹಾಡಿದ್ದು ಟೆನೆಸ್ಸಿಯ ಕೊಲಂಬಿಯಾ ಎಂಬ ಊರಿನ ನ್ಯಾಯಾಲಯದ ಮುಂದೆ. 1927ರಲ್ಲಿ ಹೆನ್ರಿ ಚೋಟ್ ಎಂಬ ಕಪ್ಪು ತರುಣನನ್ನು ಗುಂಪೊಂದು ಎಳೆತಂದು ನೇಣು ಹಾಕಿದ್ದು ಅದೇ ಕಟ್ಟಡದಲ್ಲಿ. ಮೂರೇ ದಿನಕ್ಕೆ ಸಿಎಂಟಿ ಎಂಬ ಕಂಟ್ರಿ ಸಂಗೀತದ ಟಿವಿ ವಾಹಿನಿ ವಿಡಿಯೋ ತೆಗೆದುಹಾಕಿತು.

ತೆಗೆದದ್ದೇ ತಡ, ಡೌನ್‌ಲೋಡ್ ನಲ್ಲಿ ತೆರೆಯಿತು. ಉಳಿದದ್ದು ಮೇಲೆ ಹೇಳಿದ್ದೇನೆ.

ಹಾಡಿನಲ್ಲಿ ಜನಾಂಗದ ಮಾತೇ ಇಲ್ಲ ಅಂತ ಆಲ್ಡೀನ್ ವಾದ. ಅವನದ್ದೂ ಒಂದು ಗಾಯ ಇದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. 2017ರ ಅಕ್ಟೋಬರ್ 1ರಂದು ಲಾಸ್ ವೇಗಸ್ ಉತ್ಸವದಲ್ಲಿ ಗುಂಡಿನ ಮಳೆ ಸುರಿದಾಗ ವೇದಿಕೆ ಮೇಲೆ ಹಾಡುತ್ತಿದ್ದವನು ಅವನೇ. ಆದರೂ ಒಂದು ಮಾತು. ಆಲ್ಡೀನ್ ಹುಟ್ಟಿದ್ದು ಜಾರ್ಜಿಯಾದ ಮೇಕನ್‌ನಲ್ಲಿ. ಅದು ಸಣ್ಣ ಊರೇನಲ್ಲ, ನಗರ. ಹಾಡನ್ನು ಬರೆದ ನಾಲ್ವರಲ್ಲೂ ಅವನಿಲ್ಲ. ಸಣ್ಣ ಊರಿನ ಪೌರುಷ ಕೂಡ ಮ್ಯೂಸಿಕ್ ರೋ ಕೋಣೆಯಿಂದಲೇ ಬಂದದ್ದು.

ಆ ಕೆಂಪು ಗಡ್ಡದವನು ಯಾರು?

ಇಡೀ ವರ್ಷದಲ್ಲಿ ಜಾಸ್ತಿ ಕೇಳಿದ ಪ್ರಶ್ನೆ ಇದೇ. ಹೆಸರು ಆಲಿವರ್ ಆಂಥನಿ. ಅದು ಹಾಡಿಗೆ ಇಟ್ಟುಕೊಂಡ ಹೆಸರು, ಅವನ ತಾತನದ್ದು. ಊರು ವರ್ಜೀನಿಯಾದ ಫಾರ್ಮ್‌ವಿಲ್ ಕಡೆ. ಆಗಸ್ಟ್ 8ರಂದು ವೆಸ್ಟ್ ವರ್ಜೀನಿಯಾದ ಒಂದು ಯೂಟ್ಯೂಬ್ ಚಾನೆಲ್ ಅವನ ವಿಡಿಯೋ ಹಾಕಿತು. ಸುತ್ತ ಹಸಿರು ಕಾಡು. ಒಬ್ಬನೇ ನಿಂತಿದ್ದಾನೆ. ಕಾಲ ಬಳಿ ನಾಯಿಗಳು ಬಿದ್ದುಕೊಂಡಿವೆ, ಮಾಲೀಕ ಲೋಕ ಗೆಲ್ಲಲು ಹೊರಟಿದ್ದಾನೆ ಅನ್ನೋ ಪರಿವೆ ಅವಕ್ಕಿಲ್ಲ. ಕೈಯಲ್ಲಿ ರೆಸೊನೇಟರ್ ಗಿಟಾರ್, ಅಂದರೆ ಒಳಗೆ ಲೋಹದ ತಟ್ಟೆ ಇರುವ ಗಿಟಾರ್. ಅದಕ್ಕೇ ತಗಡು ಬಡಿದಂಥ ನಾದ. ಹಿನ್ನೆಲೆ ವಾದ್ಯ ಒಂದೂ ಇಲ್ಲ. ಕೊರಳು ಸೀಳಿ ಹಾಡುತ್ತಾನೆ.

ಆಗಸ್ಟ್ 26ರ ಪಟ್ಟಿಯಲ್ಲಿ ನೇರ ನಂಬರ್ ಒನ್. ಅದಕ್ಕೂ ಮುಂಚೆ ಬಿಲ್‌ಬೋರ್ಡ್‌ನ ಯಾವ ಪಟ್ಟಿಯಲ್ಲೂ ಅವನ ಹೆಸರಿರಲಿಲ್ಲ. ಹಾಗೆ ಏನೂ ಇಲ್ಲದೆ ಬಂದು ಮೊದಲ ಹೆಜ್ಜೆಗೇ ತುದಿ ಮುಟ್ಟಿದವರು ಅದುವರೆಗೆ ಇನ್ನೊಬ್ಬರಿಲ್ಲ. ಮೊದಲ ವಾರ 1,47,000 ಡೌನ್‌ಲೋಡ್, 1.75 ಕೋಟಿ ಸ್ಟ್ರೀಮ್. ಎರಡು ವಾರ ಮೇಲಿದ್ದ.

ರಿಚ್ಮಂಡ್‌ನ ಉತ್ತರಕ್ಕೆ ಏನಿದೆ?

ವಾಷಿಂಗ್ಟನ್. ರಿಚ್ಮಂಡ್ ವರ್ಜೀನಿಯಾದ ರಾಜಧಾನಿ, ಅಲ್ಲಿಂದ ಸುಮಾರು ನೂರು ಮೈಲಿ ಉತ್ತರಕ್ಕೆ ಹೋದರೆ ದೇಶದ ರಾಜಧಾನಿ. ನಾವು 'ದೆಹಲಿ ದೊರೆಗಳು' ಅಂತ ಒಂದು ಥರ ಮೂಗು ಮುರಿದು ಹೇಳುವುದಿಲ್ವಾ, ಹಾಗೆ.

ಹೊಟ್ಟೆಪಾಡಿಗೆ ದುಡಿದು ಸಾಯುವವನ ಸಿಟ್ಟು ಅದು. ಎಡಪಂಥದವರು, ಸರ್ಕಾರದ ನೆರವು ಪಡೆಯುವ ಬಡವರನ್ನೇ ಹಂಗಿಸುವ ಸಾಲು ಇದೆ ಅಂತ ಬೈದರು. ಬಲಪಂಥದವರು ನಮ್ಮ ಹಾಡು ಅಂತ ಎತ್ತಿಕೊಂಡರು. ಆಗಸ್ಟ್ 23ರಂದು ಮಿಲ್ವಾಕಿಯಲ್ಲಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ಅಭ್ಯರ್ಥಿಗಳ ಚರ್ಚೆ ನಡೆದಾಗ ಮೊದಲ ಪ್ರಶ್ನೆಗೇ ಈ ಹಾಡು ಹಾಕಿದರು. ಅವನು ಮಾರನೇ ದಿನಗಳಲ್ಲಿ ವಿಡಿಯೋ ಮಾಡಿ, ತಮಾಷೆ ನೋಡಿ, ನಾನು ಹಾಡು ಬರೆದದ್ದೇ ಆ ವೇದಿಕೆ ಮೇಲೆ ನಿಂತಿದ್ದವರ ಬಗ್ಗೆ ಅಂದ. ನಾನು ಅವತ್ತು ಅವನ ಅಭಿಮಾನಿಯಾದೆ. ಹಾಡಿನ ಎಲ್ಲ ಸಾಲಿಗೂ ಅಲ್ಲ, ಆ ಮಾತಿಗೆ.

ದೊಡ್ಡ ದುಡ್ಡಿನ ಕರೆಗಳನ್ನು ಬೇಡ ಅಂದೆ ಅಂತಲೂ ಹೇಳಿಕೊಂಡ. ಈ ಹಾಡಿಗೆ ಮ್ಯೂಸಿಕ್ ರೋ ಕೋಣೆ, ನಾಲ್ಕು ಬರಹಗಾರರು ಯಾರೂ ಬೇಕಾಗಿರಲಿಲ್ಲ. ನ್ಯಾಶ್‌ವಿಲ್‌ಗೆ ನಿಜವಾಗಿ ನಿದ್ದೆ ಕೆಡಿಸಿದ್ದು ಅದು ಅಂತ ನನ್ನ ಗುಮಾನಿ.

ಝಾಕ್ ಬ್ರಯನ್ ಕೂಡ ಹಾಗೇನಾ?

ಹತ್ತಿರ ಹತ್ತಿರ ಹಾಗೇ. ನೌಕಾಪಡೆಯ ಮನೆತನ, ಹುಟ್ಟಿದ್ದು ಜಪಾನಿನ ಓಕಿನಾವಾದಲ್ಲಿ, ಬೆಳೆದದ್ದು ಒಕ್ಲಹೋಮಾದ ಊಲಗಾದಲ್ಲಿ. ತಾನೂ ನೌಕಾಪಡೆಯಲ್ಲಿದ್ದಾಗ ಫೋನಿನಲ್ಲಿ ಹಾಡು ರೆಕಾರ್ಡ್ ಮಾಡಿ ಹಾಕುತ್ತಿದ್ದ. ಆಗಸ್ಟ್ 25ಕ್ಕೆ ಬಂದ, ತನ್ನ ಹೆಸರನ್ನೇ ಇಟ್ಟ ಆಲ್ಬಮ್ಮನ್ನು ತಾನೇ ನಿರ್ಮಿಸಿದ. ಮಸ್‌ಗ್ರೇವ್ಸ್ ಜೊತೆಗಿನ ಹಾಡು ಸೆಪ್ಟೆಂಬರ್ 9ರ ಪಟ್ಟಿಯಲ್ಲಿ ಮೊದಲನೆಯದಾಯಿತು. ಕುಡಿತದಲ್ಲಿ ಮುಳುಗಿದ ಗಂಡು ಒಂದು ಕಡೆಯಿಂದ, ಸಾಕಾಗಿ ಹೋದ ಹೆಣ್ಣು ಇನ್ನೊಂದು ಕಡೆಯಿಂದ, ಒಂದೇ ನೆನಪನ್ನು ಬೇರೆ ಬೇರೆ ಥರ ಹೇಳುತ್ತಾರೆ. ನಾಲ್ಕು ನಂಬರ್ ಒನ್‌ಗಳಲ್ಲಿ ನಾನು ಈಗಲೂ ತಾನಾಗಿ ಹಾಕಿಕೊಂಡು ಕೇಳುವುದು ಇದೊಂದೇ.

ಹೆಂಗಸರ ಕಥೆ ಏನು? ಎಲ್ಲಾ ಗಂಡಸರೇ ಇದ್ದಾರಲ್ಲ.

ಸರಿಯಾಗಿ ಕೇಳಿದಿರಿ. 2015ರಲ್ಲಿ ಒಬ್ಬ ರೇಡಿಯೋ ಸಲಹೆಗಾರ, ಕಂಟ್ರಿ ರೇಡಿಯೋ ಒಂದು ಸಲಾಡ್ ಇದ್ದ ಹಾಗೆ, ಗಂಡಸರು ಸೊಪ್ಪು, ಹೆಂಗಸರು ಅಲ್ಲೊಂದು ಇಲ್ಲೊಂದು ಟೊಮೆಟೊ ಅಂದಿದ್ದ. ಇಬ್ಬರು ಗಾಯಕಿಯರ ಹಾಡು ಒಂದರ ಹಿಂದೆ ಒಂದು ಹಾಕಬೇಡಿ ಅನ್ನೋದು ಅವನ ಉಪದೇಶ. ಆ ಮಾತಿಗೆ ಈಗಲೂ ಟೊಮೆಟೊ ಅಂತಲೇ ಹೆಸರು.

2023ರಲ್ಲಿ ಅದಕ್ಕೆ ಉತ್ತರ ಕೊಟ್ಟವಳು ಲೇನಿ ವಿಲ್ಸನ್. ಲೂಸಿಯಾನಾದ ಬಾಸ್ಕಿನ್ ಎಂಬ ಪುಟ್ಟ ಹಳ್ಳಿಯ ರೈತನ ಮಗಳು. ಹಾಡು ಬರೆಯಬೇಕು ಅಂತ ನ್ಯಾಶ್‌ವಿಲ್‌ಗೆ ಬಂದು, ಬಾಡಿಗೆ ಕಟ್ಟಲಾಗದೆ, ಒಂದು ಸ್ಟುಡಿಯೋ ಪಕ್ಕ ಟ್ರೈಲರ್ ನಿಲ್ಲಿಸಿ ಅದರಲ್ಲೇ ಮಲಗುತ್ತಿದ್ದಳು. ಬೆಲ್‌ಬಾಟಮ್ ಪ್ಯಾಂಟ್ ಅವಳ ಗುರುತು. ನಮ್ಮ ಎಪ್ಪತ್ತರ ದಶಕದ ಸಿನಿಮಾ ನಾಯಕರು ಹಾಕುತ್ತಿದ್ದರಲ್ಲ, ಥೇಟ್ ಅದೇ. ನವೆಂಬರ್ 8ರ ರಾತ್ರಿ ಐದು ಪ್ರಶಸ್ತಿ ಬಾಚಿದಳು. ಅದರಲ್ಲಿ ಎಲ್ಲಕ್ಕಿಂತ ದೊಡ್ಡದಾದ 'ವರ್ಷದ ಎಂಟರ್‌ಟೇನರ್' ಕೂಡ ಇತ್ತು. 2011ರಲ್ಲಿ ಟೇಲರ್ ಸ್ವಿಫ್ಟ್ ಪಡೆದ ಮೇಲೆ ಅದು ಹೆಣ್ಣೊಬ್ಬಳ ಕೈಗೆ ಬಂದದ್ದು ಆಗಲೇ.

ಹಾರ್ಡಿ ಎಂಬ ಗಾಯಕನ ಜೊತೆ ಅವಳು ಹಾಡಿದ 'ವೇಟ್ ಇನ್ ದ ಟ್ರಕ್' ಕೇಳಿ. ರಸ್ತೆ ಬದಿ ಪೆಟ್ಟು ತಿಂದು ನಿಂತ ಹೆಣ್ಣು, ದಾರಿಹೋಕ ಒಬ್ಬ, ಒಂದು ಬಂದೂಕು. ನಾಲ್ಕೂವರೆ ನಿಮಿಷದಲ್ಲಿ ಇಡೀ ಸಿನಿಮಾ.

ಜೆಲ್ಲಿ ರೋಲ್ ಅಂದ್ರೆ ತಿಂಡಿ ಅಲ್ವಾ?

ಮನುಷ್ಯ. ನಿಜ ಹೆಸರು ಜೇಸನ್ ಡಿಫೋರ್ಡ್. ನ್ಯಾಶ್‌ವಿಲ್‌ನ ಆಂಟಿಯಾಕ್ ಬಡಾವಣೆಯವನು. ಮುಖದ ತುಂಬ ಹಚ್ಚೆ. ಹದಿಹರೆಯದಿಂದ ಜೈಲಿಗೆ ಹೋಗಿ ಬರುತ್ತಿದ್ದವನು. ಮಗಳು ಹುಟ್ಟಿದ ಸುದ್ದಿ ಕಂಬಿಯ ಹಿಂದೆಯೇ ಕೇಳಿದ. ರಾಪ್ ಮಾಡಿಕೊಂಡಿದ್ದವನು ಕಂಟ್ರಿಗೆ ಬಂದ. ಜೂನ್ 2ಕ್ಕೆ ಬಂದ ಆಲ್ಬಮ್‌ಗೆ ತಾನು ಚಿಕ್ಕಂದಿನಲ್ಲಿ ಹೋಗುತ್ತಿದ್ದ ಚರ್ಚಿನ ಹೆಸರಿಟ್ಟ: 'ವಿಟ್‌ಸಿಟ್ ಚಾಪೆಲ್'. 38ನೇ ವಯಸ್ಸಿನಲ್ಲಿ 'ವರ್ಷದ ಹೊಸ ಕಲಾವಿದ' ಪ್ರಶಸ್ತಿ ಸಿಕ್ಕಿತು. ವೇದಿಕೆ ಮೇಲೆ ಪಾದ್ರಿಯ ಹಾಗೆ ಕೂಗಿ ಹೇಳಿದ: ಕಾರಿನ ಮುಂದಿನ ಗಾಜು ಹಿಂದೆ ನೋಡುವ ಕನ್ನಡಿಗಿಂತ ದೊಡ್ಡದಾಗಿರುವುದಕ್ಕೆ ಕಾರಣ ಇದೆ ಅಂತ. ನಮ್ಮ ಲಾರಿಗಳ ಹಿಂದೆ ಬರೆಸಬಹುದಾದ ಮಾತು.

ಡಾಲಿ ಪಾರ್ಟನ್ ರಾಕ್ ಹಾಡಿದ್ಯಾಕೆ?

2022ರಲ್ಲಿ ಕಂಟ್ರಿಯ ಈ ಹಿರಿಯ ಗಾಯಕಿಯನ್ನು ರಾಕ್ ಸಂಗೀತದ ಹಾಲ್ ಆಫ್ ಫೇಮ್‌ಗೆ, ಅಂದರೆ ಸಾಧಕರ ಗೌರವ ಪಟ್ಟಿಗೆ, ಸೇರಿಸಿದರು. ನಾನು ರಾಕ್ ಹಾಡಿದವಳಲ್ಲ ಅಂತ ಮೊದಲು ಬೇಡ ಅಂದಿದ್ದರು. ಕೊನೆಗೆ ಒಪ್ಪಿಕೊಂಡು, ಸರಿ, ಹಾಗಾದರೆ ಹಾಡಿಯೇ ಬಿಡುತ್ತೇನೆ ಅಂತ 77ನೇ ವಯಸ್ಸಿನಲ್ಲಿ 30 ಹಾಡಿನ 'ರಾಕ್‌ಸ್ಟಾರ್' ಮಾಡಿದರು. ನವೆಂಬರ್ 17ಕ್ಕೆ ಬಂತು. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ, ರಿಂಗೊ ಸ್ಟಾರ್ ಇಬ್ಬರೂ ಇದ್ದಾರೆ. ಆಲ್ಬಮ್ ಪಟ್ಟಿಯಲ್ಲಿ ಮೂರನೇ ಸ್ಥಾನ, ಅವರ ಬದುಕಿನಲ್ಲೇ ಅತಿ ಎತ್ತರದ್ದು. ನಿಜ ಹೇಳಬೇಕು ಅಂದರೆ 30ರಲ್ಲಿ 12 ಸಾಕಿತ್ತು. ಆದರೆ ಡಾಲಿಗೆ ಬೇಡ ಅನ್ನುವವರು ಯಾರು?

ಕ್ರಿಸ್ಮಸ್ ಹೊತ್ತಿಗೆ ಒಬ್ಬ ಅಜ್ಜಿ ನಂಬರ್ ಒನ್ ಆದ್ರಂತೆ?

ಬ್ರೆಂಡಾ ಲೀ. ಇದು ನನಗೆ ಆ ವರ್ಷದ ಅತಿ ಸಿಹಿ ಸುದ್ದಿ. 'ರಾಕಿನ್ ಅರೌಂಡ್ ದ ಕ್ರಿಸ್ಮಸ್ ಟ್ರೀ' ಹಾಡನ್ನು ಅವರು 1958ರಲ್ಲಿ ನ್ಯಾಶ್‌ವಿಲ್‌ನಲ್ಲಿ ರೆಕಾರ್ಡ್ ಮಾಡಿದಾಗ ವಯಸ್ಸು 13. ನಿರ್ಮಾಪಕ ಓವನ್ ಬ್ರ್ಯಾಡ್ಲಿ. ಹೊರಗೆ ಚಳಿಗಾಲ ಇನ್ನೂ ಬಂದಿರಲಿಲ್ಲ. ಮಗುವಿಗೆ ಹಬ್ಬದ ಮನಸ್ಸು ಬರಲಿ ಅಂತ ಬ್ರ್ಯಾಡ್ಲಿ ಸ್ಟುಡಿಯೋದಲ್ಲಿ ಏಸಿ ಜೋರಾಗಿ ಹಾಕಿ ನಡುಗುವಷ್ಟು ತಣ್ಣಗೆ ಮಾಡಿ, ಒಂದು ಕ್ರಿಸ್ಮಸ್ ಮರವನ್ನೂ ನಿಲ್ಲಿಸಿದ್ದರು ಅಂತ ಬ್ರೆಂಡಾ ಅವರೇ ನೆನಪಿಸಿಕೊಳ್ಳುತ್ತಾರೆ.

ಹಾಡು ಬಂದಾಗ ಅಷ್ಟೇನೂ ಓಡಲಿಲ್ಲ. 65 ವರ್ಷ ಆದ ಮೇಲೆ, 2023ರ ಡಿಸೆಂಬರ್ 9ರ ಪಟ್ಟಿಯಲ್ಲಿ ಹಾಟ್ 100ರ ತುದಿಗೆ ಬಂತು. ಬ್ರೆಂಡಾಗೆ ಆಗ 78 ತುಂಬಿತ್ತು, ಎರಡು ದಿನ ಕಳೆದರೆ 79. ಆ ಸ್ಥಾನಕ್ಕೆ ಬಂದವರಲ್ಲಿ ಎಲ್ಲರಿಗಿಂತ ಹಿರಿಯರು. ಅದುವರೆಗೆ ಆ ದಾಖಲೆ 62ರ ಲೂಯಿ ಆರ್ಮ್‌ಸ್ಟ್ರಾಂಗ್ ಹೆಸರಲ್ಲಿತ್ತು. ಆ ವರ್ಷ ಒಂದು ಹೊಸ ವಿಡಿಯೋ ಕೂಡ ಮಾಡಿದ್ದರು. ಐದಡಿಗಿಂತ ಕಮ್ಮಿ ಎತ್ತರದ ಅಜ್ಜಿ, ಹದಿಮೂರರ ತನ್ನದೇ ಧ್ವನಿಗೆ ತುಟಿ ಆಡಿಸುತ್ತಾರೆ. ಟ್ಯಾನ್ಯಾ ಟಕರ್, ಟ್ರಿಶಾ ಇಯರ್‌ವುಡ್ ಪಕ್ಕದಲ್ಲಿದ್ದಾರೆ.

ಹಿರಿಯರಲ್ಲಿ ಯಾರಿಗೆ ಗೌರವ ಸಿಕ್ತು, ಯಾರು ಹೋದ್ರು?

ಕಂಟ್ರಿ ಹಾಲ್ ಆಫ್ ಫೇಮ್‌ಗೆ ಆ ವರ್ಷ ಮೂವರು: 13ನೇ ವಯಸ್ಸಿಗೇ ಹಿಟ್ ಕೊಟ್ಟ ಟ್ಯಾನ್ಯಾ ಟಕರ್, ಕೆಂಟಕಿಯ ಗಣಿ ಕಾರ್ಮಿಕನ ಮಗಳು ಪ್ಯಾಟಿ ಲವ್‌ಲೆಸ್, ಬರಹಗಾರ ಬಾಬ್ ಮೆಕ್‌ಡಿಲ್. ವಿಲ್ಲಿ ನೆಲ್ಸನ್‌ಗೆ ಏಪ್ರಿಲ್ 29ಕ್ಕೆ 90 ತುಂಬಿತು. ಲಾಸ್ ಏಂಜಲಿಸ್‌ನ ಹಾಲಿವುಡ್ ಬೌಲ್‌ನಲ್ಲಿ ಎರಡು ರಾತ್ರಿ ಹಬ್ಬ ನಡೆಯಿತು, ಅಜ್ಜ ಎರಡೂ ರಾತ್ರಿ ಹಾಡಿದರು.

ಜೂನ್ ಕೊನೆಯ ವಾರ ಕಂಟ್ರಿಯದ್ದೇ ಒಂದು ಕವಲಾದ ಬ್ಲೂಗ್ರಾಸ್‌ನ ಇಬ್ಬರು ಮ್ಯಾಂಡೊಲಿನ್ ದೊಡ್ಡವರು ನಾಲ್ಕು ದಿನದ ಅಂತರದಲ್ಲಿ ಹೋದರು: 93ರ ಜೆಸ್ಸಿ ಮೆಕ್‌ರೆನಲ್ಡ್ಸ್, 91ರ ಬಾಬಿ ಆಸ್ಬರ್ನ್. ಸೆಪ್ಟೆಂಬರ್ 1ಕ್ಕೆ ಗಾಯಕ ಜಿಮ್ಮಿ ಬಫೆಟ್.

ಹೊಸಬರು ಎಲ್ಲಿಂದ ಕೇಳೋಕೆ ಶುರು ಮಾಡಬೇಕು?

36 ಹಾಡಿನ ಆಲ್ಬಮ್‌ನಿಂದ ಬೇಡ. ಮೊದಲು 'ಫಾಸ್ಟ್ ಕಾರ್', ಚಾಪ್‌ಮನ್‌ದು ಒಮ್ಮೆ, ಕೂಂಬ್ಸ್‌ದು ಒಮ್ಮೆ. ಆಮೇಲೆ ಕ್ರಿಸ್ ಸ್ಟೇಪಲ್‌ಟನ್‌ನ 'ವೈಟ್ ಹಾರ್ಸ್', ಕಂಠ ಅಂದರೆ ಏನು ಅಂತ ಗೊತ್ತಾಗುತ್ತದೆ. ನಂತರ ಟೈಲರ್ ಚೈಲ್ಡರ್ಸ್‌ನ 'ಇನ್ ಯುವರ್ ಲವ್'. ಅದರ ವಿಡಿಯೋ ತಪ್ಪದೆ ನೋಡಿ. 1950ರ ದಶಕದ ಕೆಂಟಕಿ ಕಲ್ಲಿದ್ದಲು ಗಣಿ, ಒಬ್ಬರನ್ನೊಬ್ಬರು ಪ್ರೀತಿಸುವ ಇಬ್ಬರು ಗಂಡಸರು. ಆಲ್ಡೀನ್ ವಿಡಿಯೋ ಬಂದ ಎರಡು ವಾರಕ್ಕೆ ಬಂದದ್ದು ಇದು. ಸಣ್ಣ ಊರು ಅಂದರೆ ಒಂದೇ ಥರ ಅಲ್ಲ, ನೋಡಿ.

ಜಾರುವ, ಅಳುವ ಒಂದು ನಾದ ಹಿಂದಿನಿಂದ ಬರುತ್ತದಲ್ಲ, ಅದು ಪೆಡಲ್ ಸ್ಟೀಲ್. ಹಳೇ ಹಿಂದಿ ಹಾಡುಗಳಲ್ಲಿ ಹವಾಯನ್ ಗಿಟಾರ್ ಕೇಳಿದ್ದರೆ ನಿಮ್ಮ ಕಿವಿಗೆ ಅದು ಹೊಸದಲ್ಲ. ಎರಡೂ ಒಂದೇ ವಂಶ.

ಚಾಪ್‌ಮನ್ ಕೊನೆಗೂ ಬಂದ್ರಾ?

ಬಂದರು. ನನ್ನ ಲೆಕ್ಕದಲ್ಲಿ ಕಂಟ್ರಿಯ 2023 ಮುಗಿದದ್ದು ಡಿಸೆಂಬರ್ 31ಕ್ಕಲ್ಲ, 2024ರ ಫೆಬ್ರವರಿ 4ರ ಗ್ರ್ಯಾಮಿ ರಾತ್ರಿ. ವೇದಿಕೆ ಮೇಲೆ ಮೊದಲು ಕಂಡದ್ದು ಗಿಟಾರ್ ತಂತಿ ಮೀಟುವ ಬೆರಳು. ಕ್ಯಾಮೆರಾ ಮೇಲೆ ಹೋದಾಗ ನರೆಗೂದಲಿನ ಟ್ರೇಸಿ ಚಾಪ್‌ಮನ್, ಮುಖದಲ್ಲಿ ದೊಡ್ಡ ನಗು. ಕೆಳಗೆ ಕೂತಿದ್ದವರು ಎದ್ದು ನಿಂತರು. ಅವರು ಹಾಡುವಾಗ ಪಕ್ಕದಲ್ಲಿದ್ದ ಕೂಂಬ್ಸ್ ಅವರನ್ನೇ ನೋಡುತ್ತಾ, ಧ್ವನಿ ಹೊರಡಿಸದೆ, ಬರೀ ತುಟಿಯಲ್ಲಿ ಪ್ರತಿ ಪದವನ್ನೂ ಹೇಳಿಕೊಳ್ಳುತ್ತಿದ್ದ. ಅಪ್ಪನ ಟ್ರಕ್ಕಿನಲ್ಲಿ ಕೂತ ಹುಡುಗನ ಹಾಗೆ.